ಅಪ್ಪ-ಅಮ್ಮ ಮೊದಲ ಸಲ ಮೆಲ್ಬರ್ನ್‌ಗೆ ಹೊರಟಿದ್ದಾರೆ, ದಾರಿಗೆ ಏನು ತಿಂಡಿ ಕಟ್ಟಿಕೊಡಲಿ?

ಮಂಡ್ಯದ ಅಕ್ಕ:
ಎಲ್ಲರಿಗೂ ನಮಸ್ಕಾರ. ತಂಗಿಯ ಸೀಮಂತಕ್ಕೆ ಅಪ್ಪ ಅಮ್ಮ ಮುಂದಿನ ತಿಂಗಳು ಮೆಲ್ಬರ್ನ್‌ಗೆ ಹೋಗುತ್ತಿದ್ದಾರೆ. ಇಬ್ಬರಿಗೂ ವಿಮಾನ ಹೊಸದು. ಮಂಡ್ಯದಿಂದ ಕಾರಲ್ಲಿ ದೇವನಹಳ್ಳಿ, ಅಲ್ಲಿಂದ ಸಿಂಗಾಪುರ, ಅಲ್ಲಿ ಇಳಿದು ಇನ್ನೊಂದು ವಿಮಾನ. ಮನೆ ಬಿಟ್ಟು ತಂಗಿ ಮನೆ ಸೇರುವಷ್ಟರಲ್ಲಿ ಹೆಚ್ಚುಕಡಿಮೆ ಒಂದು ದಿನ. ಅಮ್ಮ ಈರುಳ್ಳಿ ಬೆಳ್ಳುಳ್ಳಿ ಮುಟ್ಟುವುದಿಲ್ಲ, ಅಪ್ಪನಿಗೆ ಶುಗರ್ ಇದೆ, ಹೊತ್ತಿಗೆ ಸರಿಯಾಗಿ ಹೊಟ್ಟೆಗೆ ಏನಾದರೂ ಬೀಳಲೇಬೇಕು. ಅಮ್ಮ ಈಗಲೇ ಪಟ್ಟಿ ಮಾಡಿದ್ದಾರೆ: ಪುಳಿಯೋಗರೆ, ಮೊಸರನ್ನ, ಕೋಡುಬಳೆ, ಮೈಸೂರ್ ಪಾಕ್, ಪೇಡ, ಉಪ್ಪಿನಕಾಯಿ, ಮಡಿಲು ತುಂಬಲು ಕೊಬ್ಬರಿ ಬಟ್ಟಲು, ವೀಳ್ಯದೆಲೆ, ಬಾಳೆಹಣ್ಣು. ಇದರಲ್ಲಿ ಯಾವುದನ್ನು ಬಿಡುತ್ತಾರೆ, ಯಾವುದನ್ನು ಬಿಡಲ್ಲ? ಸುಮ್ನೆ ಬೇಡ ಅಂದರೆ ಅಮ್ಮ ಒಪ್ಪುವುದಿಲ್ಲ, ಕಾರಣವನ್ನೂ ಹೇಳಿ.

ಕುವೆಂಪುನಗರ, ಮೈಸೂರು:
ಮೊದಲು ಪಟ್ಟಿಯನ್ನು ಎರಡು ಭಾಗ ಮಾಡಿ. ವಿಮಾನದಲ್ಲಿ ತಿಂದು ಮುಗಿಸುವುದು ಒಂದು, ಆಸ್ಟ್ರೇಲಿಯಾ ಒಳಗೆ ಒಯ್ಯುವುದು ಇನ್ನೊಂದು. ನಿಯಮಗಳೂ ಬೇರೆ, ನೋಡುವವರೂ ಬೇರೆ.

ಬೆಂಗಳೂರಲ್ಲಿ ಸೆಕ್ಯುರಿಟಿಯವರು ನೋಡುವುದು ದ್ರವ ಪದಾರ್ಥ. ಹೊರದೇಶದ ವಿಮಾನಕ್ಕೆ ಕೈಚೀಲದಲ್ಲಿ ಒಂದೊಂದು ಡಬ್ಬಿ 100 ಮಿಲಿಲೀಟರ್ ಮೀರುವಂತಿಲ್ಲ, ಮೊಸರು, ತುಪ್ಪ, ಎಣ್ಣೆ ತೇಲುವ ಉಪ್ಪಿನಕಾಯಿ ಎಲ್ಲಾ ಇದೇ ಲೆಕ್ಕ. ಮೊಸರನ್ನವನ್ನು ಮನೆಯಲ್ಲೇ ಊಟ ಮಾಡಿ ಹೊರಡಲಿ. ಕೋಡುಬಳೆ, ನಿಪ್ಪಟ್ಟು, ಚಕ್ಕುಲಿಗೆ ತೊಂದರೆ ಇಲ್ಲ. ಒಣ ಕೊಬ್ಬರಿ ಮಾತ್ರ ಕೈಚೀಲಕ್ಕೂ ಬೇಡ, ದೊಡ್ಡ ಸೂಟ್‌ಕೇಸಿಗೂ ಬೇಡ. ಅದರಲ್ಲಿ ಎಣ್ಣೆ ಜಾಸ್ತಿ, ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳುವ ಗುಣ ಇದೆ ಅಂತ ಅದನ್ನು ಅಪಾಯದ ಸರಕಿನ ಸಾಲಿಗೆ ಸೇರಿಸಿದ್ದಾರೆ.

ಮೆಲ್ಬರ್ನ್‌ನಲ್ಲಿ ನೋಡುವುದು ಹುಳ, ಬೀಜ, ರೋಗ. ಹಣ್ಣು, ಎಲೆ ಬೇಡವೇ ಬೇಡ. ನಮ್ಮ ಕಡೆಯ ಹಾಲಿನ ಸಿಹಿಗೂ ಅಲ್ಲಿ ತಡೆ ಇದೆ, ಪೇಡ ಒಯ್ಯಬೇಡಿ. ಕಾರಣ ಕಾಲುಬಾಯಿ ಜ್ವರ. ಆಸ್ಟ್ರೇಲಿಯಾದ ದನಗಳಲ್ಲಿ ಆ ರೋಗ ಇಲ್ಲ, ಹಾಲು ಮಾಂಸದ ಜೊತೆ ಬಂದುಬಿಟ್ಟೀತು ಅಂತ ಅವರಿಗೆ ಭಯ. ಹಸು ಸಾಕಿದ ಊರಿನವರು ಅಲ್ವಾ, ಇದನ್ನು ಹೇಳಿದರೆ ಅಮ್ಮ ಖಂಡಿತ ಒಪ್ಪುತ್ತಾರೆ. ಮೈಸೂರ್ ಪಾಕ್ ವಿಮಾನದಲ್ಲೇ ಮುಗಿಯುವಷ್ಟು ಇಟ್ಟುಕೊಳ್ಳಲಿ.

ಎಲ್ಲಕ್ಕಿಂತ ಮುಖ್ಯವಾದದ್ದು ಇಳಿಯುವ ಮುಂಚೆ ತುಂಬುವ ಕಾರ್ಡ್. ಚೀಲದಲ್ಲಿ ಒಂದು ಕೋಡುಬಳೆ ಉಳಿದಿದ್ದರೂ ಆಹಾರದ ಪ್ರಶ್ನೆಗೆ ‘ಯೆಸ್’ ಅಂತ ಗುರುತು ಹಾಕಬೇಕು. ನಿಜ ಹೇಳಿದರೆ ದಂಡ ಇಲ್ಲ, ಬೇಡದ ಪದಾರ್ಥ ಇದ್ದರೆ ತೆಗೆದಿಟ್ಟುಕೊಳ್ಳುತ್ತಾರೆ ಅಷ್ಟೇ. ಹೇಳದೆ ಸಿಕ್ಕಿಬಿದ್ದರೆ ದಂಡ ಸಾವಿರಾರು ಡಾಲರ್‌ವರೆಗೆ ಹೋಗಬಹುದು, ವೀಸಾ ರದ್ದಾಗುವುದೂ ಉಂಟು. ಚೀಲದಲ್ಲಿ ಏನೇನಿದೆ ಅಂತ ಇಂಗ್ಲಿಷಿನಲ್ಲಿ ಒಂದು ಚೀಟಿ ಬರೆದು ಕೊಡಿ, ಅಲ್ಲಿ ತೋರಿಸಿದರೆ ಮಾತಿನ ಕಷ್ಟ ತಪ್ಪುತ್ತದೆ. ವಿಮಾನದಲ್ಲಿ ಕೊಟ್ಟ ಹಣ್ಣನ್ನೂ ಚೀಲಕ್ಕೆ ಹಾಕಿಕೊಳ್ಳಬಾರದು. ನಮ್ಮ ಹಿರಿಯರಿಗೆ ಅನ್ನ ಎಸೆಯಲು ಮನಸ್ಸು ಬರುವುದಿಲ್ಲ, ಹಾಗಾಗಿ ಇದನ್ನು ಮೊದಲೇ ಹೇಳಿ ಕಳಿಸಿ.

ಪಾಲಹಳ್ಳಿ ಅಡುಗೆಮನೆ:
ನಾನು ಅಡುಗೆ ಮಾತ್ರ ಹೇಳುತ್ತೇನೆ. ಪುಳಿಯೋಗರೆ ಒಳ್ಳೆಯದು, ಆದರೆ ಹುಣಸೆಹಣ್ಣು ಹಾಕಿದೆ ಅಂತ ಅನ್ನವನ್ನು ದಿನವಿಡೀ ನಂಬಬೇಡಿ. ಅನ್ನ ಪೂರ್ತಿ ಆರಿದ ಮೇಲೆ ಕಲಸಿ, ಕಾಯಿತುರಿ ಹಾಕಬೇಡಿ, ಏರ್‌ಪೋರ್ಟಿನಲ್ಲಿ ಕಾಯುವಾಗಲೇ ತಿಂದುಬಿಡಲಿ. ಆಮೇಲಿನ ಹೊತ್ತಿಗೆ ನೀರು ಹಾಕದೆ ಹಾಲಲ್ಲಿ ಕಲಸಿದ ಚಪಾತಿ ಮೆತ್ತಗಿರುತ್ತದೆ, ಜೊತೆಗೆ ಹುರಿಗಡಲೆ ಚಟ್ನಿಪುಡಿ. ಅಪ್ಪನಿಗೆ ಒಗ್ಗರಣೆ ಅವಲಕ್ಕಿಯನ್ನು ಒಂದೊಂದು ಹಿಡಿಯ ಪೊಟ್ಟಣ ಕಟ್ಟಿ, ಹೊತ್ತಿಗೊಂದು ಬಿಚ್ಚಿದರೆ ಆಯಿತು.

ಮೇಲೆ ಹೋದಾಗ ಕ್ಯಾಬಿನ್ ಒಳಗೆ ಗಾಳಿಯ ಒತ್ತಡ ಕಡಿಮೆ ಇರುತ್ತದೆ, ಹೊಟ್ಟೆಯೊಳಗಿನ ಗಾಳಿ ಹಿಗ್ಗುತ್ತದೆ. ಕಾಳಿನ ಉಸಲಿ, ಹುರಳಿ ಇವೆಲ್ಲ ಹಿಂದಿನ ದಿನದಿಂದಲೇ ಬೇಡ. ಗಾಳಿಯೂ ತುಂಬಾ ಒಣ, ನಾಲಿಗೆಗೆ ಉಪ್ಪು ಸಿಹಿ ಮಂಕಾಗಿ ತಿಳಿಯುತ್ತದೆ. ಹಾಗಂತ ಉಪ್ಪು ಜಾಸ್ತಿ ಹಾಕಬೇಡಿ, ಬಾಯಾರಿಕೆ ಆಗುತ್ತದೆ. ಜೀರಿಗೆ, ಮೆಣಸು ಸ್ವಲ್ಪ ಮುಂದಿರಲಿ.

ಸರಸ್ವತಿಪುರಂ:
ಟಿಕೆಟ್ ಆಗಿದ್ದರೆ ಇವತ್ತೇ ಏರ್‌ಲೈನ್‌ಗೆ ಹೇಳಿ ಜೈನ್ ಊಟ ಹಾಕಿಸಿ, ಈರುಳ್ಳಿ ಬೆಳ್ಳುಳ್ಳಿ ಇರುವುದಿಲ್ಲ. ಅಪ್ಪನಿಗೆ ಬೇಕಾದರೆ ಡಯಾಬಿಟಿಕ್ ಊಟ ಅಂತ ಬೇರೆಯೇ ಇದೆ. ಮಾತ್ರೆ, ಇನ್ಸುಲಿನ್ ಕೈಚೀಲದಲ್ಲೇ ಇರಲಿ, ಡಾಕ್ಟರ್ ಚೀಟಿ ಜೊತೆಗಿರಲಿ. ಮೆಲ್ಬರ್ನ್ ಗಡಿಯಾರ ನಮಗಿಂತ ನಾಲ್ಕೂವರೆ ಗಂಟೆ ಮುಂದೆ, ಅವರ ಬೇಸಿಗೆಯಲ್ಲಿ ಐದೂವರೆ. ಮಾತ್ರೆ ಯಾವ ಹೊತ್ತಿಗೆ ಅಂತ ಡಾಕ್ಟರನ್ನೇ ಕೇಳಿ. ಸಿಂಗಾಪುರದಲ್ಲಿ ಗೇಟ್ ಹತ್ತಿರ ಮತ್ತೆ ತಪಾಸಣೆ ಇರುತ್ತದೆ, ನೀರಿನ ಬಾಟಲಿ ಖಾಲಿ ಮಾಡಿಕೊಂಡು ಹೋಗಲಿ.

ಮಂಡ್ಯದ ಅಕ್ಕ:
ತುಂಬಾ ಉಪಕಾರವಾಯಿತು. ಕಾಲುಬಾಯಿ ಜ್ವರದ ಮಾತು ಹೇಳಿದ ಕೂಡಲೇ ಅಮ್ಮ ಪೇಡ ಬಿಟ್ಟರು. ಕೊಬ್ಬರಿ ಇಲ್ಲದೆ ಮಡಿಲು ತುಂಬುವುದು ಹೇಗೆ ಅನ್ನುವುದೊಂದೇ ಈಗ ಉಳಿದಿರುವುದು.

ಕುವೆಂಪುನಗರ, ಮೈಸೂರು:
ಮೆಲ್ಬರ್ನ್‌ನ ಡ್ಯಾಂಡೆನಾಂಗ್‌ನಲ್ಲಿ ಲಿಟಲ್ ಇಂಡಿಯಾ ಅಂತ ನಮ್ಮವರ ಅಂಗಡಿ ಬೀದಿಯೇ ಇದೆ. ಕೊಬ್ಬರಿ, ಬೆಲ್ಲ, ಅಕ್ಕಿ ತಂಗಿಯ ಕೈಲಿ ಅಲ್ಲೇ ತರಿಸಿ. ಸೀರೆ, ಕುಪ್ಪಸದ ಬಟ್ಟೆ, ಹಸಿರು ಬಳೆ ಇಲ್ಲಿಂದ ಹೋಗಲಿ. ಬಳೆಯನ್ನು ಸೀರೆಯೊಳಗೆ ಸುತ್ತಿ ಇಟ್ಟರೆ ಒಡೆಯುವುದಿಲ್ಲ.