ಬಾಮ್ ಜೀಸಸ್ ಗೋಡೆಗೆ ಮತ್ತೆ ಗಿಲಾವು ಬೇಕೇ?

ಮಡಗಾಂವ್‌ಕನ್ನಡಿಗ: ಹಳೇ ಗೋವಾದ ಸೆ ಕೆಥೆಡ್ರಲ್ ಸುಣ್ಣ ಬಳಿದುಕೊಂಡು ಬೆಳ್ಳಗಿದೆ, ಅದರ ಹತ್ತಿರದ ಬಾಮ್ ಜೀಸಸ್ ಚರ್ಚು ಮಾತ್ರ ಬರಿ ಕೆಂಪುಕಲ್ಲು. ಅದಕ್ಕೆ ಮತ್ತೆ ಗಿಲಾವು ಹಚ್ಚಬೇಕೆನ್ನುವವರ ಮಾತಿನಲ್ಲಿ ಹುರುಳಿದೆಯೇ? ತಾಂಬಡಿ ಸುರ್ಲಾದ ಕದಂಬರ ಗುಡಿ ಗಿಲಾವಿಲ್ಲದೆಯೇ ಶತಮಾನಗಳಿಂದ ನಿಂತಿದೆಯಲ್ಲ?

ಕರಿಕಲ್ಲು: ಎರಡರ ಕಲ್ಲೇ ಬೇರೆ. ಸುರ್ಲಾದ್ದು ಬಸಾಲ್ಟ್ ಎಂಬ ಗಟ್ಟಿ ಕರಿಕಲ್ಲು, ನೀರು ಕುಡಿಯುವುದಿಲ್ಲ. ಇಲ್ಲಿನದು ಜಂಬಿಟ್ಟಿಗೆ. ಹತ್ತಿರ ನಿಂತು ನೋಡಿ, ಮೈತುಂಬಾ ತೂತು, ತೂತಿನೊಳಗೆ ಹಳದಿ ಜೇಡಿ. ಮಳೆ ಆ ಜೇಡಿಯನ್ನು ತೊಳೆದರೆ ಉಳಿದ ಕೆಂಪು ಗೂಡು ಬೆರಳು ಸೋಕಿದರೂ ಉದುರುತ್ತದೆ. 1594ರಿಂದ 1605ರವರೆಗೆ ಕಟ್ಟಿದವರಿಗೆ ಇದು ಗೊತ್ತಿತ್ತು, ಸುಣ್ಣದ ಗಿಲಾವು ಹೊದಿಸಿದ್ದರು. 1950ರ ದಶಕದಲ್ಲಿ ಅದನ್ನು ಕಿತ್ತರು. ಅಂದಿನಿಂದ ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ ನೇರ ಕಲ್ಲಿಗೇ ಬಡಿಯುತ್ತಿದೆ. ಮುಖಗೋಡೆಯ ಕೆತ್ತನೆ ಬಸಾಲ್ಟಿನದು, ಅದು ಗಟ್ಟಿಯಾಗಿದೆ; ಸವೆಯುವುದು ಕೆಂಪು ಗೋಡೆ. ಕೆಂಪು ಕಣ್ಣಿಗೆ ಚೆಂದ, ನಿಜ. ಆದರೆ ಅದು ಸುಲಿದ ಮೈಯ ಕೆಂಪು.

ಮಡಗಾಂವ್‌ಕನ್ನಡಿಗ: ಸಿಮೆಂಟ್ ಹಚ್ಚಿದರೆ ಬೇಗ ಮುಗಿಯುವುದಿಲ್ಲವೇ? ಊರ ಹಳೇ ಮನೆಗಳಿಗೆ ಹಾಗೇ ಮಾಡುತ್ತಾರೆ.

ಸುಣ್ಣದಗಚ್ಚು: ದಯವಿಟ್ಟು ಬೇಡ. ಬುಡದಿಂದ ಏರಿದ ತೇವ ಸಿಮೆಂಟ್ ದಾಟಿ ಹೊರಬರಲಾರದು. ಒಳಗೇ ಉಪ್ಪು ಹರಳುಗಟ್ಟಿ ಕಲ್ಲಿನ ಮುಖವನ್ನೇ ಒಡೆಯುತ್ತದೆ. ಎರಡು ಮೂರು ಮಳೆಗಾಲ ಕಳೆದರೆ ಗಿಲಾವು ಕಲ್ಲಿನ ಸಿಪ್ಪೆ ಸಮೇತ ಹಲಗೆಯಂತೆ ಕಳಚುತ್ತದೆ.

ಹಳೇ ಮನೆಗೆ ಹೀಗೆ ಮಾಡಿ: ಸಂದಿನ ಸಡಿಲ ಗಾರೆಯನ್ನು 15–20 ಮಿ.ಮೀ. ಆಳಕ್ಕೆ ಕೆರೆದು, ಗೋಡೆಗೆ ಹಿಂದಿನ ದಿನವೇ ನೀರು ಹೊಡೆಯಿರಿ. ಸುಟ್ಟ ಸುಣ್ಣವನ್ನು ಗುಂಡಿಯಲ್ಲಿ ಅರಳಿಸಿ ಕನಿಷ್ಠ ಮೂರು ವಾರ ನೀರಿನಡಿ ಇಡಿ. ಅರಳದ ಹರಳು ಉಳಿದರೆ ಗೋಡೆ ಮೇಲೆ ಗುಳ್ಳೆ ಎದ್ದು ಸಿಡಿಯುತ್ತದೆ. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ತೊಳೆದ ಹೊಳೆ ಮರಳು. ಸಮುದ್ರದ ಮರಳು ಖಂಡಿತ ಬೇಡ. ತೇವದ ಗೋಡೆಯಾದರೆ ಮರಳಿನಲ್ಲಿ ಒಂದು ಪಾಲು ತೆಗೆದು ಇಟ್ಟಿಗೆ ಪುಡಿ ಸೇರಿಸಿ. ಒಂದು ಪದರ 10–12 ಮಿ.ಮೀ. ಮೀರಬಾರದು, ವಾರವಿಡೀ ಒದ್ದೆ ಗೋಣಿ ಹೊದಿಸಿ. ಮಳೆ ಪೂರ್ತಿ ಹೋದ ಮೇಲೆ, ನವೆಂಬರಿನಿಂದ ಶುರು ಮಾಡಿ.

ಕರಿಕಲ್ಲು: ಒಂದು ಮಾತು ಬಿಟ್ಟುಹೋಯಿತು. ಮೊದಲು ಛಾವಣಿ, ಮಳೆನೀರಿನ ದೋಣಿಗಳನ್ನು ಸರಿಮಾಡಿ. ಹಳೇ ಗೋವಾದ್ದೇ ಆದ ಸೇಂಟ್ ಅಗಸ್ಟೀನ್ ಚರ್ಚಿನ ಕಮಾನು ಛಾವಣಿ 1842ರಲ್ಲಿ ಕುಸಿಯಿತು, 1931ರಲ್ಲಿ ಮುಖಗೋಡೆಯೂ ಅರ್ಧ ಗೋಪುರವೂ ಬಿದ್ದವು. ತಲೆಯ ಮೇಲೆ ಛಾವಣಿಯಿಲ್ಲದ ಗೋಡೆಗೆ ನೀರು ನೆತ್ತಿಯಿಂದಲೇ ಇಳಿಯುತ್ತದೆ. ಮನೆ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗಿದ್ದರೆ ಹೊಸದಾಗಿ ಕಟ್ಟುವಂತಿಲ್ಲ, ದುರಸ್ತಿಗೂ ಅನುಮತಿ ಬೇಕು. ಅದರಾಚೆಯ 200 ಮೀಟರಿಗೂ ಅನುಮತಿ ಇಲ್ಲದೆ ಕೈಹಾಕಬೇಡಿ. ಅರ್ಜಿಯ ಜೊತೆ ಈಗಿನ ಗೋಡೆಯ ಫೋಟೋ ಇಡಿ, ಹಚ್ಚುವುದು ಸುಣ್ಣದ ಗಿಲಾವು ಎಂದೇ ಬರೆಯಿರಿ.