ಎಸ್‌ಇಎಂ ಚಿತ್ರದ ಅನಾಗ್ಲಿಫ್: ಎಲ್ಲ ಎರಡೆರಡು ಕಾಣುತ್ತೆ, ಆಳ ಮಾತ್ರ ಬರ್ತಿಲ್ಲ

ಪರಾಗಪ್ರಿಯ
ಮೂರು ದಿನದಿಂದ ಅನಾಗ್ಲಿಫ್ (ಕೆಂಪು-ಸಯಾನ್ ಅಂದ್ರೆ ಕೆಂಪು ಮತ್ತು ಹಸಿರು-ನೀಲಿ ಕನ್ನಡಕದಲ್ಲಿ ನೋಡೋ 3ಡಿ ಚಿತ್ರ) ಹಿಂದೇ ಬಿದ್ದು ತಲೆ ಕೆಟ್ಟುಹೋಗಿದೆ. ಎಸ್‌ಇಎಂನಲ್ಲಿ (ಸ್ಕ್ಯಾನಿಂಗ್ ಎಲೆಕ್ಟ್ರಾನ್ ಮೈಕ್ರೋಸ್ಕೋಪ್) ಇಟ್ಟಿರೋದು ದಾಸವಾಳದ ಪರಾಗ, ಚಿನ್ನದ ಲೇಪನ ಆಗಿದೆ. 0 ಡಿಗ್ರಿಯಲ್ಲಿ ಒಂದು ಚಿತ್ರ, 10 ಡಿಗ್ರಿ ಟಿಲ್ಟ್ ಮಾಡಿ (ವಾಲಿಸಿ) ಇನ್ನೊಂದು. ಗಿಂಪ್ ಅನ್ನೋ ಚಿತ್ರ ತಿದ್ದೋ ತಂತ್ರಾಂಶದಲ್ಲಿ ಮೊದಲನೆಯದನ್ನ ಕೆಂಪು ಚಾನೆಲ್‌ಗೆ, ಎರಡನೆಯದನ್ನ ಹಸಿರು ಮತ್ತು ನೀಲಿಗೆ ಹಾಕಿದೆ. ಕನ್ನಡಕ ಹಾಕಿ ನೋಡಿದ್ರೆ ಪರಾಗದ ಮೈಮೇಲಿನ ಮುಳ್ಳುಗಳೆಲ್ಲ ಎರಡೆರಡು, ಕಣ್ಣು ಕಿತ್ತು ಬರೋ ಹಾಗಾಗುತ್ತೆ. ಎಲ್ಲ ಸರಿಯಾಗೇ ಮಾಡಿದೀನಿ. ಏನು ತಪ್ಪು?

ಕೆಂಪುಗಾಜು
ಕನ್ನಡಕವೇ ಕಾರಣ. ರಟ್ಟಿನ ಕನ್ನಡಕದ ಸಯಾನ್ ಹಾಳೆ ಕೆಂಪನ್ನ ಸೋರಿಸುತ್ತೆ. ಕಪ್ಪು ಹಿನ್ನೆಲೆ ಮೇಲೆ 255-0-0 ಕೆಂಪು ಚೌಕ, 0-255-255 ಸಯಾನ್ ಚೌಕ ಇಟ್ಟು ಒಂದೊಂದೇ ಕಣ್ಣಲ್ಲಿ ನೋಡಿ. ಕೆಂಪು ಗಾಜಿಗೆ ಸಯಾನ್ ಚೌಕ ಮಾಯವಾಗಬೇಕು, ಸಯಾನ್ ಗಾಜಿಗೆ ಕೆಂಪು ಚೌಕ.

ಪರಾಗಪ್ರಿಯ
ನೋಡಿದೆ. ಎರಡೂ ಮಾಯವಾಗುತ್ತೆ.

ಕೆಂಪುಗಾಜು
ಹಾಗಾದ್ರೆ ಪರದೆ. ನೈಟ್ ಮೋಡ್ ಆನ್ ಇದ್ರೆ ನೀಲಿ ಕುಗ್ಗಿ ಬಲಗಣ್ಣಿನ ಚಿತ್ರ ಮಂಕಾಗುತ್ತೆ, ಅದನ್ನ ತೆಗೀರಿ. ಆಗಲೂ ಸರಿ ಹೋಗದಿದ್ರೆ ಪ್ಲಾಸ್ಟಿಕ್ ಗಾಜಿನ ಕನ್ನಡಕ ತಗೊಳ್ಳಿ.

ಟಿಫ್‌ಮಾತ್ರ
ಕನ್ನಡಕ ಬಿಡಿ. ಉಳಿಸಿರೋದು ಜೆಪೆಗ್ ಆಗಿದ್ರೆ ಅಲ್ಲೇ ಎಡವಟ್ಟು. ಜೆಪೆಗ್‌ನ 4:2:0 ಸಂಕೋಚನದಲ್ಲಿ (ಫೈಲ್ ಚಿಕ್ಕದು ಮಾಡೋ ವಿಧಾನ) ಬಣ್ಣದ ವಿವರ ಎರಡೂ ದಿಕ್ಕಿನಲ್ಲಿ ಅರ್ಧ ಆಗುತ್ತೆ. ಅನಾಗ್ಲಿಫ್‌ನಲ್ಲಿ ಆಳದ ಮಾಹಿತಿ ಕೂತಿರೋದೇ ಬಣ್ಣದಲ್ಲಿ. ಪಿಎನ್‌ಜಿ ಅಥವಾ ಟಿಫ್ ಮಾಡಿ.

ಕೆಂಪುಗಾಜು
ಜೆಪೆಗ್‌ನಿಂದ ಅಂಚಿನಲ್ಲಿ ನೆರಳು ಬರುತ್ತೆ ಅಷ್ಟೇ, ಆಳ ಪೂರ್ತಿ ಹೋಗಲ್ಲ. ಮೊದಲು ಕನ್ನಡಕ ಬದಲಾಯಿಸಿ ನೋಡಲಿ.

ಟಿಫ್‌ಮಾತ್ರ
ಚೌಕದ ಪರೀಕ್ಷೆ ನೀವೇ ಹೇಳಿದ್ದು, ಅದರಲ್ಲಿ ಕನ್ನಡಕ ಪಾಸಾಗಿದೆ. ಮತ್ತೆ ಅದನ್ನೇ ಹಿಡಿದು ಕೂತರೆ ಹೇಗೆ?



ಅಡ್ಡಗೆರೆ
ಒಂದೇ ಪ್ರಶ್ನೆ. ಎರಡು ಚಿತ್ರ ಒಂದಾದ ಮೇಲೊಂದು ತೋರಿಸಿದಾಗ ಮುಳ್ಳಿನ ತುದಿ ಎಡ-ಬಲಕ್ಕೆ ಸರಿಯುತ್ತಾ, ಮೇಲೆ-ಕೆಳಗೆ ಸರಿಯುತ್ತಾ?

ಪರಾಗಪ್ರಿಯ
ಮೇಲೆ-ಕೆಳಗೆ. ಸ್ಟೇಜ್ (ಮಾದರಿ ಇಡೋ ತಟ್ಟೆ) ವಾಲೋದೇ ಡಿಟೆಕ್ಟರ್ (ಎಲೆಕ್ಟ್ರಾನ್ ಹಿಡಿಯೋ ಭಾಗ) ಕಡೆಗೆ ಅಲ್ವಾ, ಅದಕ್ಕೇ ಹೇಳಲಿಲ್ಲ.

ಅಡ್ಡಗೆರೆ
ಅದೇ ಮೂಲ. ನಿಮ್ಮ ಟಿಲ್ಟ್ ಅಕ್ಷ ಚಿತ್ರದಲ್ಲಿ ಅಡ್ಡ ಇದೆ, ನಮ್ಮ ಕಣ್ಣುಗಳೂ ಅಡ್ಡಲಾಗೇ ಇವೆ. ಮಿದುಳು ಎಡ-ಬಲದ ವ್ಯತ್ಯಾಸವನ್ನ ಆಳ ಅಂತ ಓದುತ್ತೆ, ಮೇಲೆ-ಕೆಳಗಿನದನ್ನ ಓದಲ್ಲ. ಅಕ್ಷ ಲಂಬವಾಗಿ ನಿಲ್ಲಬೇಕು. ಕೆಳಗಿನ ಮಾಹಿತಿ ಪಟ್ಟಿ ಕತ್ತರಿಸಿ, ಎರಡೂ ಚಿತ್ರವನ್ನ ಒಂದೇ ದಿಕ್ಕಿಗೆ 90 ಡಿಗ್ರಿ ತಿರುಗಿಸಿ, ಆಮೇಲೆ ಚಾನೆಲ್ ಸೇರಿಸಿ. ಸ್ಕೇಲ್ ಬಾರ್ ಕೊನೆಗೆ ಹೊಸದಾಗಿ ಹಾಕಿ.

10 ಡಿಗ್ರಿ ಜಾಸ್ತಿಯಾಯ್ತು. ಪರಾಗದ ಕಾಳು 150 ಮೈಕ್ರಾನ್ ಅಂದ್ರೆ ಕಾಣೋ ಎತ್ತರ ಸುಮಾರು 75. 6 ಡಿಗ್ರಿಗೆ ಪ್ಯಾರಲಾಕ್ಸ್ (ಎರಡು ಚಿತ್ರಗಳ ನಡುವೆ ಚುಕ್ಕೆ ಸರಿಯೋ ದೂರ) 7.85 ಮೈಕ್ರಾನ್, ಮೈಕ್ರಾನ್‌ಗೆ 4 ಪಿಕ್ಸೆಲ್ ಇದ್ರೆ 31 ಪಿಕ್ಸೆಲ್, 1024 ಪಿಕ್ಸೆಲ್ ಚಿತ್ರದಲ್ಲಿ 3%. 10 ಡಿಗ್ರಿಗೆ 52 ಪಿಕ್ಸೆಲ್, ಅಂದ್ರೆ 5%. ಅಷ್ಟನ್ನ ಕಣ್ಣು ಕೂಡಿಸೋದು ಕಷ್ಟ. −3 ಮತ್ತು +3ರಲ್ಲಿ ತೆಗೀರಿ.

ಪರಾಗಪ್ರಿಯ
ತಿರುಗಿಸಿದ ತಕ್ಷಣ ಆಳ ಬಂತು! ಆದ್ರೆ ಉಲ್ಟಾ. ಕಾಳು ಬಟ್ಟಲಿನ ಥರ ಒಳಗೆ ಹೋಗಿದೆ, ಮುಳ್ಳುಗಳು ಗುಳಿಯಾಗಿವೆ. ಮೂಲೆಗಳಲ್ಲಿ ಇನ್ನೂ ಎರಡೆರಡು.

ಅಡ್ಡಗೆರೆ
ಉಲ್ಟಾ ಆಗಿದ್ರೆ ಎಡ-ಬಲ ಅದಲುಬದಲು ಆಗಿದೆ. ಕೆಂಪಿಗೆ ಹಾಕಿದ್ದನ್ನ ಹಸಿರು-ನೀಲಿಗೆ ಹಾಕಿ, ಹಸಿರು-ನೀಲಿಯದನ್ನ ಕೆಂಪಿಗೆ. ಇಲ್ಲಾಂದ್ರೆ ಎರಡನ್ನೂ ಇನ್ನೊಂದು ದಿಕ್ಕಿಗೆ 90 ತಿರುಗಿಸಿ. ಎರಡರಲ್ಲಿ ಒಂದನ್ನ ಮಾತ್ರ ಮಾಡಿ; ಎರಡೂ ಮಾಡಿದ್ರೆ ಮತ್ತೆ ಗುಳಿಯೇ. ಬೆಳಕು ಯಾವ ಪಕ್ಕದಿಂದ ಬಂದರೆ ಚೆಂದ ಅಂತ ನೋಡಿ ಮೊದಲು ತಿರುಗಿಸೋ ದಿಕ್ಕು ನಿರ್ಧರಿಸಿ, ಆಳವನ್ನ ಚಾನೆಲ್‌ನಲ್ಲಿ ಸರಿ ಮಾಡಿ.

ನಡುವೆ ಸರಿ, ಮೂಲೆಯಲ್ಲಿ ಎರಡೆರಡು ಅಂದ್ರೆ ಮ್ಯಾಗ್ (ವರ್ಧನೆ) ವ್ಯತ್ಯಾಸ. ಟಿಲ್ಟ್ ಆದ ಮೇಲೆ ಫೋಕಸ್ ನಾಬ್ ಮುಟ್ಟಿದ್ರಾ?

ಪರಾಗಪ್ರಿಯ
ಮುಟ್ಟದೆ ಆಗಲ್ಲ, ಮಸುಕಾಗುತ್ತಲ್ಲ. ವರ್ಕಿಂಗ್ ಡಿಸ್ಟೆನ್ಸ್ (ಲೆನ್ಸ್‌ನಿಂದ ಮಾದರಿಗಿರೋ ದೂರ) 15.0ರಿಂದ 15.2 ಮಿ.ಮೀ.ಗೆ ಹೋಗಿದೆ.

ಅಡ್ಡಗೆರೆ
ಲೆನ್ಸ್‌ನಿಂದ ಫೋಕಸ್ ಮಾಡಿದ್ರೆ ಮ್ಯಾಗ್ ಬದಲಾಗುತ್ತೆ, ಚಿತ್ರವೂ ತುಸು ತಿರುಗುತ್ತೆ. 1% ವ್ಯತ್ಯಾಸ ಸಾಕು, ನಡುವಿನಿಂದ 512 ಪಿಕ್ಸೆಲ್ ದೂರದ ಅಂಚಿನಲ್ಲಿ 5 ಪಿಕ್ಸೆಲ್ ತಪ್ಪುತ್ತೆ. ಲೆನ್ಸ್ ಹಾಗೇ ಬಿಟ್ಟು ಸ್ಟೇಜ್‌ನ ಝೆಡ್ (ಎತ್ತರ) ಏರಿಸಿ-ಇಳಿಸಿ ಫೋಕಸ್ ತನ್ನಿ. ಒಂದೇ ಮುಳ್ಳನ್ನ ಗುರುತಿಟ್ಟುಕೊಂಡು ಎಕ್ಸ್-ವೈ ಸರಿಸಿ ನಡುವಿಗೆ ತನ್ನಿ. ಟಿಲ್ಟ್ ಕರೆಕ್ಷನ್ ಆಫ್ ಇರಲಿ, ಅದು ಚಿತ್ರವನ್ನ ಒಂದೇ ದಿಕ್ಕಿಗೆ ಹಿಗ್ಗಿಸಿ ಸುಳ್ಳು ಇಳಿಜಾರು ತರುತ್ತೆ.

ಟಿಫ್‌ಮಾತ್ರ
ಬ್ರೈಟ್‌ನೆಸ್ ಆಟೋ ಕೂಡ ಆಫ್ ಮಾಡಿ. ಒಂದು ಚಿತ್ರದಲ್ಲಿ ಅಂಚು ಹೊಳೆದು ಇನ್ನೊಂದರಲ್ಲಿ ಮಂಕಾದ್ರೆ ಕಣ್ಣುಗಳು ಜಗಳವಾಡುತ್ತವೆ.

ಪರಾಗಪ್ರಿಯ
±3, ಝೆಡ್ ಫೋಕಸ್, ಪಿಎನ್‌ಜಿ. ಮುಳ್ಳುಗಳು ಪರದೆಯಿಂದ ಹೊರಗೆ ಬಂದು ನಿಂತಿವೆ, ತುದಿ ಮೊಂಡಾಗಿರೋದು ಕೂಡ ಕಾಣುತ್ತೆ. ಇದರಿಂದಲೇ ಮುಳ್ಳಿನ ಉದ್ದ ಅಳೆಯಬಹುದಾ?

ಅಡ್ಡಗೆರೆ
ತುದಿ-ಬುಡದ ಎತ್ತರ ವ್ಯತ್ಯಾಸ ಸಿಗುತ್ತೆ. ನೇರ ನಿಮ್ಮ ಕಡೆ ನೋಡ್ತಿರೋ ಮುಳ್ಳಿಗೆ ಅದೇ ಉದ್ದ. ತುದಿ-ಬುಡದ ಪ್ಯಾರಲಾಕ್ಸ್ ವ್ಯತ್ಯಾಸವನ್ನ ಮೈಕ್ರಾನ್‌ನಲ್ಲಿ ತೆಗೆದು, ಒಟ್ಟು ಕೋನದ ಅರ್ಧದ ಸೈನ್‌ನ ಎರಡು ಪಟ್ಟಿನಿಂದ ಭಾಗಿಸಿ. 6 ಡಿಗ್ರಿಗೆ ಭಾಜಕ 0.1047. ನಿಮ್ಮ ಚಿತ್ರದಲ್ಲಿ 1 ಪಿಕ್ಸೆಲ್ ತಪ್ಪಿದ್ರೆ ಎತ್ತರದಲ್ಲಿ 2.4 ಮೈಕ್ರಾನ್ ತಪ್ಪು. ಅಳತೆಗಾದ್ರೆ ±5ರಲ್ಲಿ ಇನ್ನೊಂದು ಜೋಡಿ ತೆಗೀರಿ, ತಪ್ಪು 1.4ಕ್ಕೆ ಇಳಿಯುತ್ತೆ. ನೋಡೋ ಜೋಡಿ ಬೇರೆ, ಅಳೆಯೋ ಜೋಡಿ ಬೇರೆ ಇರಲಿ.

ಕೆಂಪುಗಾಜು
ಹಳೇ ಕನ್ನಡಕದಲ್ಲೇ ನೋಡಿದ್ದಾ?

ಪರಾಗಪ್ರಿಯ
ಹೌದು, ಅದೇ ರಟ್ಟಿನದು.