ಮನೆ ಗುಂಪಿನಲ್ಲಿ ಕಾಗೆ ಪಂಚಾಯ್ತಿ

ದೊಡ್ಡಪ್ಪ: (ವಿಡಿಯೊ) "ಲಾಲ್‌ಬಾಗ್‌ನಲ್ಲಿ ಕಂಡ ತಾಯಿಪ್ರೀತಿ. ಬೇರೆ ಹಕ್ಕಿಯ ಮರಿಗೆ ತುತ್ತು ಕೊಡುವ ಕಾಗೆ. ಮನುಷ್ಯರೇ, ಕಲಿಯಿರಿ 🙏" ಎಲ್ಲರೂ ತಪ್ಪದೇ ನೋಡಿ.

ಅಮ್ಮ: ಕಣ್ಣಲ್ಲಿ ನೀರು ಬಂತು ಭಾವ.

ಸುಧತ್ತೆ: ಅಣ್ಣ, ಅದು ದಯೆ ಅಲ್ಲ, ಮೋಸ ಹೋಗಿರುವುದು. ಮೈತುಂಬ ಚುಕ್ಕೆ ಇದೆ ನೋಡು, ಕೋಗಿಲೆ ಮರಿ. ಕಾಗೆ ಅದನ್ನು ತನ್ನದೇ ಅಂದುಕೊಂಡಿದೆ.

ದೊಡ್ಡಪ್ಪ: ಪಕ್ಷದ ದಿನ ಎಡೆ ಇಟ್ಟರೆ ಮುಟ್ಟಲೋ ಬೇಡವೋ ಅಂತ ಅರ್ಧ ಗಂಟೆ ಯೋಚಿಸುವ ಹಕ್ಕಿ ಅದು. ಅದಕ್ಕೆ ತನ್ನ ಮರಿ ಯಾವುದು ಅಂತ ಗೊತ್ತಾಗಲ್ವಾ? ಗೊತ್ತಿದ್ದೇ ಸಾಕುತ್ತಿದೆ.

ಸುಧತ್ತೆ: ಹಾಗಿದ್ದರೆ ದೊಡ್ಡ ಕೋಗಿಲೆಯನ್ನು ಕಂಡ ಕೂಡಲೇ ಯಾಕೆ ಅಟ್ಟಿಸಿಕೊಂಡು ಹೋಗುತ್ತದೆ? ಏಪ್ರಿಲ್‌ನಲ್ಲಿ ಅಲ್ಲೇ ಕೆರೆ ಪಕ್ಕದ ಬೆಂಚಿನ ಮೇಲೆ ಕೂತಿದ್ದೆ. ಕಪ್ಪು ಗಂಡು ಕೋಗಿಲೆ ಗೂಡಿನ ಹತ್ತಿರವೇ ಬಂದು ಕೂಗಿತು. ಎರಡೂ ಕಾಗೆಗಳು ಅದರ ಬೆನ್ನು ಹತ್ತಿದವು. ಅಷ್ಟರಲ್ಲಿ ಎಲೆ ಮರೆಯಿಂದ ಚುಕ್ಕೆ ಚುಕ್ಕೆ ಹೆಣ್ಣು ಸರಕ್ಕನೆ ಗೂಡಿಗೆ ನುಗ್ಗಿತು. ನಾನು ಫ್ಲಾಸ್ಕಿನ ಮುಚ್ಚಳ ತಿರುಗಿಸುವಷ್ಟರಲ್ಲಿ ಕೆಲಸ ಮುಗಿಸಿ ಆಚೆ ಬಂದಾಗಿತ್ತು!

ನಾನು: ಗಂಡ ಹೆಂಡತಿ ಸೇರಿ ಕಳ್ಳತನ 😂

ಚಿಕ್ಕಪ್ಪ: ತಾಳಿ ತಾಳಿ. ಕೂಗುವುದು ಗಂಡಾ? ಆರತಿ ಹಾಡು ಹೇಳಿದಾಗಲೆಲ್ಲ ಸುಧಾಳನ್ನು ಕೋಗಿಲೆ ಅಂತೀವಲ್ಲ?

ಸುಧತ್ತೆ: ಕುಹೂ ಗಂಡಿನದ್ದು. ಹೆಣ್ಣು ಬರೀ ಕಿಕ್ ಕಿಕ್ ಕಿಕ್ ಅನ್ನುತ್ತದೆ. ಇನ್ಮೇಲೆ ನೋಡಿಕೊಂಡು ಹೊಗಳಿ.

ದೊಡ್ಡಪ್ಪ: ಅದಿರಲಿ, ಕಾಗೆಮರಿಗಳ ಗತಿ ಏನು? ಎಲ್ಲವನ್ನೂ ಕೆಳಗೆ ತಳ್ಳಿಬಿಡುತ್ತದಾ?

ಸುಧತ್ತೆ: ಇಲ್ಲ, ನಮ್ಮ ಕೋಗಿಲೆ ಮರಿ ಸಾಮಾನ್ಯವಾಗಿ ತಳ್ಳುವುದಿಲ್ಲ. ಆದರೆ ಅದರ ಮೊಟ್ಟೆ ಎರಡು ಮೂರು ದಿನ ಮೊದಲೇ ಒಡೆಯುತ್ತದೆ. ಮೊದಲು ಬಾಯಿ ಬಿಟ್ಟವನಿಗೆ ತುತ್ತು ಜಾಸ್ತಿ. ಕಾಗೆಮರಿ ಹಸಿದು ಸಾಯುವುದೂ ಉಂಟು, ಎರಡೂ ಒಟ್ಟಿಗೆ ಬೆಳೆಯುವುದೂ ಉಂಟು.

ಅಮ್ಮ: ಏನೇ ಆಗಲಿ, ಸಾಕಿದ್ದಂತೂ ನಿಜ ಅಲ್ವಾ? ನಾನು ಭಜನೆ ಗುಂಪಿಗೂ ಕಳಿಸಿಬಿಟ್ಟೆ.

ದೊಡ್ಡಪ್ಪ: ನೋಡಿದೆಯಾ ಸುಧಾ! ಸುಮ್ನೆ ಎಲ್ಲದಕ್ಕೂ ಕೊಂಕು ತೆಗೆಯುತ್ತೀಯ. ನಾಳೆ ನಾನೇ ಹೋಗಿ ನೋಡುತ್ತೇನೆ.

(ಮರುದಿನ, ಬೆಳಿಗ್ಗೆ 7:20)

ದೊಡ್ಡಪ್ಪ: ವೆಸ್ಟ್ ಗೇಟ್ ಹತ್ತಿರ ಮರದ ಕೆಳಗೆ ನಿಂತು ಗೂಡು ನೋಡುತ್ತಿದ್ದೆ. ಕಾಗೆ ಹಿಂದಿನಿಂದ ಬಂದು ತಲೆಗೆ ಕುಕ್ಕಿತು.

ಚಿಕ್ಕಪ್ಪ: ತಾಯಿಪ್ರೀತಿ 🙏

ಸುಧತ್ತೆ: ರಕ್ತ ಬಂತಾ ಅಣ್ಣ? ಮನೆಗೆ ಹೋಗಿ ಚೆನ್ನಾಗಿ ತೊಳೆದುಕೋ. ನಾಳೆ ನಾನೂ ಬರುತ್ತೇನೆ, ಟೋಪಿ ಹಾಕಿಕೊಂಡು ಬಾ.